ಹಲ್ಲಿನಲ್ಲೊಂದು ಗೀರು

ಬಾಯಿ ತೆರೆಯಿರಿ ಎಂದಳು ಹುಡುಗಿ. ತೆರೆದೆ.
ಲೈಟ್‌ಹೌಸ್ ಹಿಲ್ಲಿನ ಏರು ಹತ್ತಿ ಬಂದ ಏದುಸಿರು
ಇನ್ನೂ ಒಳಗೇ ಇತ್ತು.
ಪುಟ್ಟ ಕನ್ನಡಿ ಒಳಗೆ ಹೋಯಿತು, ಒಂದು ಕಡೆ ನಿಂತಿತು.
"ಸರ್, ಒಮ್ಮೆ ಬನ್ನಿ."
ಸರ್ ಬಂದರು. ಸರ್ ಹಿಂದೆ ಆರು ಮಂದಿ.
ಮೇಲಿನ ಎದುರು ಹಲ್ಲಿನ ಅಂಚಿನಲ್ಲಿ ಗೀರು,
ಅಕ್ಕಿಯ ತುದಿ ಮುರಿದಷ್ಟೇ.
"ನೀವು ಟೈಲರಾ?"

ಬೋರ್ಡು ಗೀರ್ಡು ಇಲ್ಲ ಮಾರಾಯ್ತಿ,
ಜೆಪ್ಪುವಿನಲ್ಲಿ ಮನೆ, ಚಾವಡಿಯಲ್ಲಿ ಮಿಶಿನು,
ಕೇಳಿದವರಿಗೆ ಹೊಲಿದುಕೊಡುತ್ತೇನೆ
ಎನ್ನಲಿಕ್ಕೆ ಬಾಯಿ ಆಗ ನನ್ನದಾಗಿರಲಿಲ್ಲ.
ತಲೆ ಆಡಿಸಿದೆ.

ಕಪ್ಪು ದಾರ ಕಹಿ.
ಕೆಂಪು ನಾಲಗೆಗೆ ಬಣ್ಣ ಬಿಡುತ್ತದೆ.
ಬಿಳಿಗೆ ಗಂಜಿಯ ರುಚಿ.
ನಲವತ್ತೊಂದು ವರ್ಷ ಆ ಗೀರಿನಲ್ಲಿ ದಾಟಿಹೋದವು
ಕೊಮುನ್ಯಾಂವಿನ ಫ್ರಾಕುಗಳು, ಶಾಲೆಯ ಚಡ್ಡಿಗಳು,
ಹಳೆ ಸೀರೆ ಪದರ ಪದರ ಹಾಸಿ
ನೆಲದಲ್ಲಿ ಕೂತು ಕೈಯಲ್ಲೇ ಹೊಲಿದ ವಾಕಳ್‌ಗಳು.

ಕತ್ತರಿ ಇಲ್ಲವೆಂದಲ್ಲ.
ದೊಡ್ಡದೊಂದುಂಟು, ಮಾವನ ಕಾಲದ್ದು,
ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ
ಎರಡು ದಿನ ಮಾತು ಬಿಟ್ಟವರಿದ್ದಾರೆ ಮನೆಯಲ್ಲಿ.
ಹಂಪನಕಟ್ಟೆಯಿಂದ ತಂದ ಒತ್ತುಕತ್ತರಿ ಕಳೆಯದಿರಲೆಂದು
ಕೊರಳಿಗೆ ಕಟ್ಟಿಕೊಂಡೆ;
ರುಜಾರ್ ಎಂದುಕೊಂಡು ಮುತ್ತಿಡಲು ಬಂತು ಪಕ್ಕದ ಮನೆಯ ಮಗು.
ಬಟ್ಟೆಪಟ್ಟಿ ಸುತ್ತಿದ ಅರ್ಧ ಬ್ಲೇಡು ಒಂದು.
ಕುವೈಟಿನಿಂದ ನಾದಿನಿ ತಂದ ಉಂಗುರ,
ನೆತ್ತಿಯಲ್ಲಿ ಹುಗಿದ ಅಲಗು,
ಬೆರಳಿನ ಗಂಟು ದಾಟಲೇ ಇಲ್ಲ.
ಮಿಶಿನಿಗೇ ಒಂದುಂಟಂತೆ, ಸೂಜಿಕಂಬದ ಹಿಂದೆ!
ಹತ್ತೊಂಬತ್ತು ವರ್ಷದ ಮೇಲೆ
ಎಣ್ಣೆ ಬಿಡಲು ಬಂದ ವಾಮನಣ್ಣ ತೋರಿಸಿ ನಕ್ಕ:
"ಇದೆಂತ ಬಾಯಮ್ಮ, ನೋಡ್ಲೇ ಇಲ್ವಾ?"

ಎಲ್ಲವೂ ಹರಿತವೇ.
ಬೇಕೆಂದಾಗ ಎಲ್ಲವೂ ಬಟ್ಟೆಯ ಅಡಿಯಲ್ಲೇ.
ಎರಡು ಕೈಯೂ ಸಿಕ್ಕಿಬಿದ್ದಾಗ ಹತ್ತಿರ ಇರುವುದು ಬಾಯಿ.
ಮತ್ತೆ, ಕಚ್ಚಬೇಕಾದರೆ ಬಗ್ಗಬೇಕಲ್ಲ,
ಮುಖ ಬಟ್ಟೆಗೆ ತಾಗುವಷ್ಟು.
ಹಾಗೆ ಬಗ್ಗಿದಾಗ ಗೊತ್ತಾಗುವುದು
ಯಾವ ಮನೆಯ ಎಣ್ಣೆ, ಯಾವ ಒಲೆಯ ಹೊಗೆ,
ಬಂಗುಡೆ ಹುರಿದ ಕೈ ಯಾವ ಸೆರಗಿಗೆ ಒರೆಸಿದ್ದು.
ಕತ್ತರಿಗೆ ಮೂಗಿಲ್ಲ.

ತುಂಬಿಸಿದಳು. ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದಳು.
ದುಡ್ಡು ಬೇಡವಂತೆ, ಕಲಿಯುವವರ ಕೈ.
ಅಷ್ಟು ಹೊತ್ತೂ ನಾನು ನೋಡಿದ್ದು
ಅವಳ ಬಿಳಿ ಕೋಟಿನ ಮೂರನೆಯ ಗುಂಡಿ,
ಒಂದೇ ಎಳೆಯಲ್ಲಿ ನೇತಾಡುತ್ತ
ಈಗ ಬಿದ್ದೆ, ಈಗ ಬಿದ್ದೆ ಎಂದು
ನನ್ನ ಮೂಗಿನ ನೇರಕ್ಕೆ.

ಎದ್ದವಳೇ ರವಿಕೆಯ ಮಡಿಕೆಯಿಂದ ಸೂಜಿ ತೆಗೆದೆ.
ಅದರಲ್ಲಿದ್ದದ್ದು ನೀಲಿ ದಾರ. ಇರಲಿ.
"ನಿಲ್ಲು ನಿಶ್ಮಿತಾ," (ಎದೆಯ ಪಟ್ಟಿಯಲ್ಲಿತ್ತು ಹೆಸರು)
"ಮೈಮೇಲಿನ ಬಟ್ಟೆ ಹೊಲಿಯುವಾಗ
ಒಂದು ಎಳೆ ಕಚ್ಚಿಕೊಳ್ಳಬೇಕು."
ಸೆರಗಿನ ಅಂಚಿನಿಂದ ಕಿತ್ತು ಕೊಟ್ಟೆ.
ಕಚ್ಚಿಕೊಂಡು ನಿಂತಳು, ಡಾಕ್ಟರಾಗುವವಳು.
ನಾಲ್ಕು ಕಣ್ಣಿನ ಗುಂಡಿ.
ಆರು ಸಲ ಮೇಲೆ ಕೆಳಗೆ, ಕುತ್ತಿಗೆಗೆ ಮೂರು ಸುತ್ತು, ಗಂಟು.
ಬಗ್ಗಿದೆ.
ಲವಂಗದೆಣ್ಣೆ, ಬೆವರು, ಬೆಳಿಗ್ಗೆ ತಿಂದ ಬನ್ಸು

"ಅಯ್ಯೋ ಬೇಡ! ಇವತ್ತು ಎಂತದೂ ಕಚ್ಚಬಾರ್ದು!"
ಎಳೆ ಉಗಿದು ಕೂಗಿದಳು.
ಕಿಸೆಯಿಂದ ಬಂತು
ಹಲ್ಲುಸಂದಿ ತಿಕ್ಕುವ ದಾರದ ಡಬ್ಬಿ, ಖಾಲಿ,
ಮುಚ್ಚಳದಡಿ ತಗಡಿನ ಒಂದೇ ಹಲ್ಲು.
ಟಕ್.

ಅದೀಗ ಮಿಶಿನಿನ ಭುಜಕ್ಕೆ ಅಂಟಿ ಕೂತಿದೆ.
ಕಳೆಯುವುದಿಲ್ಲ, ತುಕ್ಕಿಲ್ಲ,
ನನಗಿಂತ ಚಂದ ಕಡಿಯುತ್ತದೆ ಎನ್ನಬೇಕು.
ಬಾಲ ಮಾತ್ರ ಒಂದು ಬೆರಳು ಉಳಿಯುತ್ತದೆ.
ನಾಲಗೆ ಆಗಾಗ ಹೋಗಿ
ಮುಚ್ಚಿದ ಬಾಗಿಲು ತಡವಿ ಬರುತ್ತದೆ.

ನಿನ್ನೆ ಒಂದು ವಾಕಳ್ ಮುಗಿಯಿತು.
ಬೆಂದೂರಿನವರು ತಂದುಕೊಟ್ಟದ್ದು,
ತೀರಿಹೋದ ತಾಯಿಯ ಆರು ಸೀರೆ.
ಕೊನೆಯ ಮೂಲೆ, ಕೊನೆಯ ಗಂಟು.
ಡಬ್ಬಿಯಲ್ಲೇ ಕಡಿದೆ.

ಆಮೇಲೆ, ಕಡಿಯಲಿಕ್ಕೆ ಏನೂ ಇಲ್ಲದೆ,
ಸುಮ್ಮನೆ ಬಗ್ಗಿದೆ.