ಹಸ್ತಾಂತರ

ಗೆಜ್ಜಿಬಾವಿಯ ಎಲ್ಲಾ ಕೀಲಿ
ನನ್ನ ತಂತಿ ಬಳಿಯಾಗ ಅದಾವು:
ಮ್ಯಾಲಿನ ಟಾಕಿದು, ಪಂಪ್‌ಹೌಸಿಂದು,
ಮಸೂತಿ ಹಿಂದಿನ ವಾಲ್ವಿಂದು,
ಲಗ್ನಕ್ಕಷ್ಟ ತೆರೆಯೋ ಸಮುದಾಯ ಭವನದ್ದು.
ಒಂದು ಮಾತ್ರ ಇಲ್ಲ.
ಸಾಲಿ ಹಿಂದ ಕಟ್ಯಾರಲ್ಲ ಹೊಸಾ ಶೌಚಾಲಯ, ಅದರದು.
ಅದು ಪಂಚಾಯ್ತಿ ಆಫೀಸಿನಾಗ
ಪಿಡಿಒ ಸಾಹೇಬ್ರ ಕುರ್ಚಿ ಹಿಂದ
ಕೊರಳಿಗೆ ಚೀಟಿ ಕಟಗೊಂಡು ಮೊಳಿಗೆ ಜೋತಾಡತೈತಿ:
'ಹಸ್ತಾಂತರ ಬಾಕಿ.'

ನಾನು ವಾಟರ್‌ಮ್ಯಾನ್ ಶಾಮೀದಸಾಬ.
ಸಭೆ ಇದ್ದ ದಿನ ಚಾ ಕೊಡೋದೂ ನಂದ ಕೆಲಸ.
ಎರಡು ವರ್ಷ ಆತು, ಅದ ವಿಷಯ, ಅದ ಚಾ.
ಜಾಗ ಗ್ರಾಮ ಪಂಚಾಯ್ತಿದು,
ಗ್ವಾಡಿ ನರೇಗಾದ್ದು,
ಗ್ವಾಡಿ ಮ್ಯಾಲಿನ ಗಿಳಿ, ನವಿಲು ಜಿಲ್ಲಾ ಪಂಚಾಯ್ತಿವು,
ಮಾಸ್ತರು ಇಲಾಖೆಯವ್ರು,
ಬಾಗಿಲಾ ಇನ್ನೂ ಅಂಗಡಿ ವೀರಬಸಪ್ಪಂದು,
ಸಾಮಗ್ರಿ ಬಿಲ್ಲು ಜಮಾ ಆಗೋತನಕ.
ಹುಡುಗ್ಯಾರ ಉಚ್ಚಿ ಯಾರ ಲೆಕ್ಕಕ್ಕ ಬರತೈತಿ
ಅಂತ ಯಾರೂ ಕೇಳಲಿಲ್ಲ.
ಕೇಳಬೇಕಂತ ಬಾಯಿ ತೆರೆದೆ.
ಕೈಯಾಗ ಒಂಬತ್ತು ಕಪ್ಪು ಇದ್ದವು.

ಗುಂಡಪ್ಪ ಮಾಸ್ತರ ಹನ್ನೊಂದು ಅರ್ಜಿ ಬರದ್ರು.
ಅವು ಕುಷ್ಟಗಿಗೆ ಹೋಗಿ, ಕೊಪ್ಪಳಕ್ಕ ಹೋಗಿ,
ತಿರುಗಿ ನಮ್ಮ ಪಂಚಾಯ್ತಿಗೇ ಬಂದು
ನನಗಿಂತ ಹೆಚ್ಚು ಬಸ್ಸು ಹತ್ಯಾವು.
ಮೈತುಂಬ ಠಸ್ಸೆ.

ಸಣ್ಣ ಬಿಡುವಿನ ಗಂಟಿ ಆದ್ರ
ಹುಡುಗ್ಯಾರು ಜಾಲಿ ಮುಳ್ಳಿನ ಸಂದಿಗೆ ಹೋಗ್ತಾರ,
ಮೂರು ಮಂದಿ ಒಳಗ, ಒಬ್ಬಾಕಿ ಕಾವಲು.
ಐದನೇ ಕ್ಲಾಸಿನ ನನ್ನ ಖೈರುನ್‌ಬಿ
ಮುಂಜಾನೆದ್ದು ಒಂದು ಗುಟುಕೂ ನೀರು ಕುಡಿಯಂಗಿಲ್ಲ.
ಬಾಟ್ಲಿ ತುಂಬಿ ಹೋಗತೈತಿ,
ತುಂಬೇ ಬರತೈತಿ, ಬಿಸಿಲಿಗೆ ಕಾದು.
ಊರಿಗೆಲ್ಲಾ ನೀರು ಬಿಡಾಂವ ನಾನು.

ಅಲ್ಲಿಗೆ ಪೈಪು ಜೋಡಿಸಿದಾಂವನೂ ನಾನ.
ಅದಕ್ಕ ಬಿಲ್ಲು ಬರದಿಲ್ಲ,
ಹಂಗಾಗಿ ಅದು ಯಾವ ಪುಸ್ತಕದಾಗೂ ಇಲ್ಲ.
ಬುಧವಾರ ನಸುಕಿನ್ಯಾಗ
ಆ ವಾಲ್ವಿಗೆ ಮೂರು ಸುತ್ತು ಕೊಟ್ಟೆ.
ಬಂದ್ ಮಾಡೋದು ಮರತೆ.
ಮರತೆ ಅಂತನ ಬರಕೊಳ್ರಿ.

ಪ್ರಾರ್ಥನೆ ಹೊತ್ತಿಗೆ ಬಾಗಿಲದ ಬುಡದಿಂದ
ನೀರು ಹೊಂಟಿತ್ತು, ಸಪ್ಪಳಿಲ್ಲದಂಗ.
ಮೊದಲು ಒಂದನೇ ಕ್ಲಾಸಿನ ಬರಿಗಾಲು ತೋಯ್ಸಿತು,
ಆಮ್ಯಾಲೆ ಧ್ವಜದ ಕಟ್ಟಿ ಸುತ್ತಿ
ಅಡಗಿಮನಿ ಹೊಸ್ತಿಲಕ್ಕ ಬಂದು ನಿಂತಿತು.
'ಯಾವ ಹಾಟ್ಯಾ ನೀರು ಹಾಳ ಮಾಡಿದಾಂವ!'
ಪಕೀರವ್ವ ಸವಟು ಹಿಡಕೊಂಡ ಹೊರಗ ಬಂದ್ಲು.
ಯಾರೋ ಫೋನಿನಾಗ ಹಿಡದು ಊರಿಗೆಲ್ಲಾ ಬಿಟ್ರು.
ಎರಡು ವರ್ಷ ಈ ಕಡೆ ಹಾಯದ ಸಾಹೇಬ್ರು
ಅರ್ಧ ತಾಸಿನಾಗ ಬೈಕ್ ಮ್ಯಾಲೆ ಬಂದ್ರು.
ನೀರು ಪೋಲಾದ್ರ ದೂರು ಬರತೈತಿ.
ಮುಳ್ಳಿನ ಸಂದ್ಯಾಗ ಕುಂತವರದು ಬರಂಗಿಲ್ಲ.

ಕೀಲಿ ತಿರುಗಲಿಲ್ಲ, ತುಕ್ಕು.
ಪಕೀರವ್ವನ ಕಡೆ ಒಂದು ಹನಿ ಎಣ್ಣಿ ಇಸಗೊಂಡು ಬಿಟ್ಟೆ.
ಒಳಗ ಬೇಸಿನ್ ಮ್ಯಾಲಿನ ಸ್ಟಿಕ್ಕರ್ ಇನ್ನೂ ಕಿತ್ತಿದ್ದಿಲ್ಲ.
ಸಿಮೆಂಟಿನ್ಯಾಗ ಯಾರದೋ ಚಪ್ಪಲಿ ಗುರುತು.
ಹಲ್ಲಿಯೊಂದು ನಮ್ಮನ್ನು ನೋಡಿ
ಇದು ತನ್ನ ಮನಿ ಅನ್ನೋ ಹಂಗ ನಿಂತಿತ್ತು.

ನಡಾವಳಿ ಪುಸ್ತಕದಾಗ ಹಿಂಗ ಬರದಾರ:
'ಸೋರಿಕೆ ಪರಿಶೀಲನೆಗಾಗಿ ತಾತ್ಕಾಲಿಕವಾಗಿ ತೆರೆಯಲಾಗಿದೆ.'
ನನಗ ನೋಟೀಸು, ಎರಡು ದಿನದ ಪಗಾರ ಕಡಿತ.
ಕೀಲಿ ವಾಪಸ್ ಮೊಳಿಗೆ ಹೋತು, ಚೀಟಿ ಸಮೇತ.
ಬಾಗಿಲಾ ಮಾತ್ರ ಯಾರೂ ಹಾಕಲಿಲ್ಲ.
ಹಾಕಾಕ ಠರಾವು ಬೇಕು,
ಠರಾವಿಗೆ ಸಭೆ ಬೇಕು,
ಸಭೆಗೆ ಕೋರಂ ಆಗಬೇಕು.

ಸಂಜಿಗೆ ಖೈರುನ್‌ಬಿ ಚೀಲದಾಗಿನ ಬಾಟ್ಲಿ ತಗದು
ಕಿವಿ ಹತ್ತಿರ ಅಲ್ಲಾಡಿಸಿ ನೋಡಿದೆ.
ಆಕಿ ನಗಲಿಲ್ಲ. 'ಸಾಬೂನಿಲ್ಲ ಅಲ್ಲಿ' ಅಂದ್ಲು.

ನಾಳೆ ಹನ್ನೊಂದಕ್ಕ ಸಭೆ ಐತಿ.
ಚಾಪುಡಿ ಮುಗದೈತಿ, ಒಂದು ಪಾಕೀಟು ತರಬೇಕು.
ಹಂಗ ಒಂದು ಸಾಬೂನೂ ತರಬೇಕು, ಬಿಲ್ಲು ಇಲ್ಲದ್ದು.
ವಿಷಯ ಸಂಖ್ಯೆ ಆರು: ಹಸ್ತಾಂತರ.