ಮುನ್ನೂರು ಮೀಟರ್

ಹೋದ ವರ್ಷ ಮಂಡಗದ್ದೆ ದಾಟಿದ ಮೇಲೆ
ಹಾಲೇಶನ ಗಾಡಿ ಪಂಕ್ಚರಾಗಿ ನಿಂತಿದ್ದು
ನಮಗೆ ಗೊತ್ತಾಗಿದ್ದು ತೀರ್ಥಹಳ್ಳಿಯಲ್ಲಿ,
ಐದು ಟೀ ಹೇಳಿ
ಒಂದು ಲೋಟ ಹಾಗೇ ಕೆನೆಗಟ್ಟಿದಾಗ.

ಹೆಲ್ಮೆಟ್ಟಿಗೆ ಮಾತು ಬೇಕು
ಅಂತ ಅವತ್ತೇ ತೀರ್ಮಾನ.
ತಲೆಗೆ ಎರಡು ಸಾವಿರ.
ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು ನಾನೇ ಆದ್ದರಿಂದ
ದುಡ್ಡು ನನ್ನ ಕೈಗೆ,
ಮುಂದೆ ಬರುವ ಬೈಗುಳವೂ.

ದುರ್ಗಿಗುಡಿಯ ಅಂಗಡಿ. ಗಾಜಿನ ಕಪಾಟು.
ಮೇಲಿನ ಸಾಲಿನದು ಹದಿನಾಲ್ಕು ಸಾವಿರ, ಒಂದಕ್ಕೆ.
"ಯಾರು ಹಿಂದೆ ಬಿದ್ದರೂ ತಾನೇ ಹುಡುಕಿ ಸೇರಿಸಿಕೊಳ್ಳುತ್ತೆ ಮೇಡಂ"
ಅಂದ ಹುಡುಗ, ವರನ ಗುಣ ಹೇಳುವ ದಲ್ಲಾಳಿಯ ಹಾಗೆ.
ಇಲಿಯಾಸ್ ಅದನ್ನು ಅಂಗೈಯಲ್ಲಿಟ್ಟು ತೂಗಿದ.
ಹಾಸಿಗೆ ಅಂಗಡಿಯವನು, ಹತ್ತಿಯನ್ನೂ ಹಾಗೇ ತೂಗುತ್ತಾನೆ.
"ಎರಡು ಟೈರು, ಒಂದು ಚೈನು, ವರ್ಷದ ಇನ್ಶೂರೆನ್ಸು" ಅಂದವನೇ
ಬೆರಳಚ್ಚು ಒರೆಸಿ ವಾಪಸಿಟ್ಟ.

ಕೆಳಗಿನ ಸಾಲು. ಸಾವಿರದ ಒಂಬೈನೂರು.
ಡಬ್ಬದ ಮೇಲೆ ಬೋಳು ಮರುಭೂಮಿ, ಇಬ್ಬರು ಸವಾರರು,
ಅವರ ನಡುವೆ ದಪ್ಪಕ್ಷರದಲ್ಲಿ: ಮುನ್ನೂರು ಮೀಟರ್.
ವೈರಿಂಗ್ ಕೆಲಸದ ಸ್ಟ್ಯಾನಿ ನಕ್ಕ:
"ಇದು ಮರಳಿನ ಲೆಕ್ಕ.
ನಮ್ಮ ಘಾಟಿಯಲ್ಲಿ ಒಂದು ತಿರುವು ಅಂದ್ರೆ ಒಂದು ಗೋಡೆ."

ಮಳೆಗೆ ತಡೆಯುತ್ತಾ?
"ತುಂತುರಿಗೆ ತೊಂದರೆ ಇಲ್ಲ."
ಯಾವೂರಿನ ತುಂತುರಪ್ಪಾ,
ಚಿತ್ರದುರ್ಗದ್ದೋ ಆಗುಂಬೆಯದೋ?
ಕೈಗವಸಿನಲ್ಲಿ ಗುಂಡಿ ಸಿಗುತ್ತಾ ಅಂತ
ಕಣ್ಣು ಮುಚ್ಚಿ ತಡವಿ ನೋಡಿದೆ. ಸಿಕ್ಕಿತು, ಎರಡನೇ ಸಲಕ್ಕೆ.
ಬಿಲ್ ಕೇಳಿದೆ.
ಹುಡುಗನ ಮುಖ ಸಣ್ಣಗಾಯಿತು.

ಅಷ್ಟು ಹೊತ್ತೂ ಬಾಗಿಲ ಬಳಿಯಿದ್ದ ಹಾಲೇಶ
ಮೆಲ್ಲಗೆ ಮುಂದೆ ಬಂದ.
ಇಪ್ಪತ್ತು ವರ್ಷ ಅಕ್ಕಿ ಗಿರಣಿಯ ಬೆಲ್ಟಿಗೆ ಕೊಟ್ಟ ಎಡಗಿವಿ ಅವನದು.
"ಎರಡು ಸ್ಪೀಕರನ್ನೂ ಬಲಗಡೆಗೇ ಅಂಟಿಸಬಹುದಾ?"
ಡಬ್ಬದ ಮೇಲೆ ಇದಕ್ಕೆ ಉತ್ತರ ಬರೆದಿರಲಿಲ್ಲ.
ಸ್ಟ್ಯಾನಿ ಗೇಣಿನಲ್ಲಿ ಅಳೆದ.
ಹದಿನಾಲ್ಕು ಸಾವಿರದ್ದರ ವೈರು ಗಿಡ್ಡ.
ಇದರದ್ದು ಉದ್ದ.

ಐದು ಕಟ್ಟಿಸಿಕೊಂಡೆವು.

ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಇದರ ಮಾತು:
ಒಮ್ಮೆ ಒತ್ತಿದರೆ ಮುಂದಿನವರು, ಮತ್ತೊಮ್ಮೆಗೆ ಹಿಂದಿನವರು.
ಮಾಸ್ತಿಕಟ್ಟೆಯ ಹತ್ತಿರ ಕೌಶಿಕ ಎಲ್ಲರಿಗಿಂತ ಮುಂದಿನಿಂದ
"ಎಮ್ಮೆ ಅದೆ" ಅಂದದ್ದು
ಇಲಿಯಾಸನ ಕೆಮ್ಮು, ಸ್ಟ್ಯಾನಿಯ ಗಾಳಿ, ನನ್ನ ನಗು ದಾಟಿ
ಹಾಲೇಶನ ಬಲಗಿವಿಗೆ ಮುಟ್ಟುವಾಗ "ನೆಮ್ಮದಿ" ಆಗಿತ್ತು.
"ಹೌದು ಮಾರಾಯ್ತಿ, ನಂಗೂ" ಅಂದ.
ಆಮೇಲೆ ಎಮ್ಮೆ ಕಂಡಿತು.

ಈ ಕೌಶಿಕ, ಹಿಂದೆಲ್ಲಾ
ತಿಂಡಿ ತಿಂದು ಎದ್ದರೆ ಊಟಕ್ಕೇ ಸಿಗುತ್ತಿದ್ದವನು.
ಹುಲಿಕಲ್ಲಿನ ಇಳಿಜಾರಿನಲ್ಲಿ ಎರಡು ತಿರುವು ತಪ್ಪಿಸಿಕೊಂಡ,
ಕರಕರ ಅಂದು ಸುಮ್ಮನಾದ.
ಮೂರನೆಯದರಲ್ಲಿ ನಿಂತಿದ್ದ,
ಒಂದು ಕಾಲು ನೆಲಕ್ಕೆ, ಒಂದು ಕೈ ಕಿವಿಯ ಗುಂಡಿಗೆ.
ಯಾಕೆ ನಿಂತೆ ಅಂತ ಯಾರೂ ಕೇಳಲಿಲ್ಲ.
"ಚಾರ್ಜ್ ನೋಡ್ತಿದ್ದೆ" ಅಂದ, ಕೇಳದಿದ್ದರೂ.

ರಾತ್ರಿ ಶಿವಮೊಗ್ಗ. ಒಬ್ಬೊಬ್ಬರೇ ತಿರುಗಿಕೊಂಡರು.
ಹಾಲೇಶ ತನ್ನ ಕ್ರಾಸಿಗೆ ಹೊರಳಿದ ಮೇಲೂ
ನುಚ್ಚಿನ ರೇಟು ಹೇಳುತ್ತಲೇ ಇದ್ದ.
ನಾನು ಮುಖ್ಯರಸ್ತೆಯಲ್ಲಿ ಇಂಜಿನ್ ಆರಿಸಿ
ಅವನ ಬೀದಿಯ ಕರೆಂಟು ಕಂಬ ಎಣಿಸಿದೆ.
ಮೂರು. ನಾಲ್ಕು. ಗೇಟಿನ ಸದ್ದು.
ಯಾರಿಗೋ ಅವನು, "ಇಲ್ಲ ಇಲ್ಲ, ಈ ಸಲ ಒಟ್ಟಿಗೇ ಬಂ..."
ಆಮೇಲೆ ಬರೀ ಕರಕರ.

ಐದನೇ ಕಂಬ. ಹೆಚ್ಚೆಂದರೆ ಇನ್ನೂರು ಮೀಟರ್.
ಬಿಲ್ ಇದೆ, ನಾಳೆ ಹೋಗಿ ಜಗಳ ಆಡಬಹುದು.