ಸೋರಿಕೆ

ವಿಯೆನ್ನಾದ ಈ ನೆಲಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷದಿಂದ ನನ್ನದು ಒಂದೇ ಕೆಲಸ:
ಕೊಳವೆಯೊಳಗೆ ಏನೂ ಇಲ್ಲದಂತೆ ನೋಡಿಕೊಳ್ಳುವುದು.
ಇಲ್ಲದ್ದನ್ನು ಕಾಯುವವನು ಎಂದು
ಹೆಂಡತಿ ನಗುತ್ತಾಳೆ. ಸಂಬಳ ಮಾತ್ರ ಇದೆ.

ರಾತ್ರಿ ಕೊನೆಯ ಟ್ರಾಮು ಹೋಗಿ
ನೆಲದ ನಡುಕ ನಿಂತ ಮೇಲೆ
ಜ್ದೆಂಕಾ ಕುಲುಮೆ ಹಚ್ಚುತ್ತಾಳೆ.
ಅಣುಗಳು ಒಂದೊಂದಾಗಿ ಹೊರಡುತ್ತವೆ,
ಎದುರಿಗೆ ಸೀಳುಗಳ ಜಾಲರಿ.
ಈ ಸೀಳೋ ಆ ಸೀಳೋ ಎಂದು ಕೇಳಬಾರದು;
ಕೇಳದಿದ್ದರೆ ಎರಡೂ.
ಬೆಳಗಿನ ಹೊತ್ತಿಗೆ ಪರದೆಯ ಮೇಲೆ
ಕಪ್ಪು ಬಿಳಿ ಕಪ್ಪು ಬಿಳಿ,
ಯಾರೋ ಬಾಚಣಿಗೆಯಲ್ಲಿ ಬಾಚಿದ ಹಾಗೆ.

ಆಮೇಲೆ ನನ್ನ ಸರದಿ.
ಸೂಜಿ ಕವಾಟವನ್ನು ಕೂದಲೆಳೆಯಷ್ಟು ತಿರುಗಿಸುತ್ತೇನೆ.
ಒಂದು ಚಿಟಿಕೆ ಗಾಳಿ.
ಪಟ್ಟೆ ಮಂಕಾಗುತ್ತದೆ. ಇನ್ನೊಂದು ಚಿಟಿಕೆ,
ಒಗೆದು ಒಗೆದು ಬಣ್ಣ ಬಿಟ್ಟ ದಿಂಬಿನ ಚೀಲ.
ಕೊನೆಗೆ ಬರೀ ಬೂದು ಗುಡ್ಡೆ.

ಯಾರೂ ನೋಡಿರಲಿಲ್ಲ. ನಾನು ಕವಾಟದ ಕಡೆಗಿದ್ದೆ,
ಅವಳು ಸೇಬು ಕಚ್ಚುತ್ತಿದ್ದಳು.
ನೋಡಬೇಕಾಗಿಯೂ ಇಲ್ಲ, ಎಂದಳು ಜ್ದೆಂಕಾ,
ದಾರಿಹೋಕ ಸಾರಜನಕವೊಂದು ಭುಜ ತಾಗಿಸಿ ಹೋದರೆ ಸಾಕು,
ಅದರ ನಡಿಗೆ ಬದಲಾಗುತ್ತದೆ,
ಆ ನಡಿಗೆಯಲ್ಲಿ ಬರೆದಿರುತ್ತದೆ
ಎಲ್ಲಿ ತಾಗಿತು ಎಂದು.
ಓದುವವರು ಬೇಡ. ಬರೆದದ್ದೇ ಸಾಕು.

ಗೋಡೆಗೂ ಕಿವಿಯುಂಟು ಎನ್ನುತ್ತಾರಲ್ಲ,
ಗಾಳಿಗೆ ಬಾಯಿಯೂ ಉಂಟು.

ಗಾಳಿಯನ್ನೆಲ್ಲ ಹೀರಿ ತೆಗೆದರೂ ಪಾರಿಲ್ಲ:
ಕುಲುಮೆ ಹೆಚ್ಚು ಕಾದರೆ ಅಣು ತಾನೇ ಮಿನುಗಿ
ಇಗೋ ಇಲ್ಲಿದ್ದೇನೆ ಎಂದುಬಿಡುತ್ತದೆ.

ಮಾರ್ಚಿಯಲ್ಲಿ ಅವಳಿಗೆ ಟ್ರೋನ್‌ಹೈಮ್‌ನಿಂದ ಕಾಗದ ಬಂತು.
ಮೂರು ವಾರ ಅದು ಕೋಟಿನ ಒಳಜೇಬಿನಲ್ಲಿತ್ತು.
ಹೋಗುವುದೂ ಇತ್ತು, ಉಳಿಯುವುದೂ ಇತ್ತು,
ಒಂದರ ಮೇಲೊಂದು. ಆ ಮೂರು ವಾರ
ಅವಳು ಮೆಟ್ಟಿಲು ಎರಡೆರಡಾಗಿ ಹತ್ತುತ್ತಿದ್ದಳು.
ಒಂದು ಮಂಗಳವಾರ ಲಿಫ್ಟಿನಲ್ಲಿ
ನೆಲ ಒರೆಸುವ ದ್ರಾಗಿತ್ಸಾ
ಯಾಕಮ್ಮಾ ಮುಖ ಹೀಗೆ, ಅಂದಳಂತೆ.
ಹೋಗಬಹುದೇನೋ, ಅಂದಳಂತೆ ಇವಳು.

‘ಏನೋ’ ಮೂರನೆಯ ಮಹಡಿಯಲ್ಲೇ ಉದುರಿತು.
‘ಬಹುದು’ ಕಾಫಿ ಯಂತ್ರದ ಬಳಿ.
ಊಟದ ಹೊತ್ತಿಗೆ, ಹೋಗುತ್ತಾಳೆ ಎಂದು
ಗಾಜು ಊದುವ ಒಟ್ಟೊಕಾರನಿಗೂ ಗೊತ್ತು,
ಗೇಟಿನ ಕಾವಲುಗಾರನಿಗೂ ಗೊತ್ತು.

ಸಂಜೆ ನನ್ನ ಬಳಿ ಬಂದು ಕೇಳಿದಳು:
ನಾನು ಯಾವಾಗ ನಿರ್ಧಾರ ಮಾಡಿದೆ?

ಕವಾಟ ಮುಚ್ಚಿ ಪಂಪು ಹಾಕಿದೆ.
ಬೆಳಗಾಗುವುದರೊಳಗೆ ಪಟ್ಟೆ ಮತ್ತೆ ಮೂಡಿತು,
ಹೊಸ ಅಣುಗಳಿಗೆ.
ತಾಗಿಸಿಕೊಂಡು ಹೋದವು ಹೋದವು.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಹೋಯಿತು ಅಂದರೆ, ಎಲ್ಲ ಕಡೆ ಇದೆ;
ಅದೇ ತೊಂದರೆ.

ಈಗ ಮೇಜಿನ ಮೇಲೆ ಬೀಳ್ಕೊಡುಗೆಯ ಕಾರ್ಡು.
ಹನ್ನೊಂದು ಸಹಿ, ಹನ್ನೊಂದು ಶಾಯಿ,
ಎಲ್ಲದರಲ್ಲೂ ಒಂದೇ ಸುದ್ದಿ.
ಐದನ್ನು ಅಳಿಸಿದರೂ ಉಳಿದ ಆರು ಅದನ್ನೇ ಹೇಳುತ್ತವೆ.

ನಾನಿನ್ನೂ ಸಹಿ ಹಾಕಿಲ್ಲ.
ಏನೂ ಬದಲಾಗುವುದಿಲ್ಲ, ಗೊತ್ತು.
ಪೆನ್ನಿನ ಮುಚ್ಚಳ ತೆರೆದು
ಕೊಳವೆಯ ಒತ್ತಡದ ಅಂಕಿ ನೋಡುತ್ತ ಕೂತಿದ್ದೇನೆ:
ಹತ್ತರ ಮೈನಸ್ ಎಂಟು.
ಅಷ್ಟು ಗಾಳಿ ಇನ್ನೂ ಇದೆ ಒಳಗೆ.